ದ್ಯಾವಮ್ಮನ ನಾಲ್ಕನೇ ನಂಬರು

ಹೆಸರಿಗಿಂತ ನಂಬರಿಗೆ ಬೇಗ ತಿರುಗಿ ನೋಡುವ ಜನರ ನಡುವೆ ನನ್ನ ಅರ್ಧ ಆಯುಷ್ಯ ಕಳೆದಿದೆ. ನಾನು ವನಗೂರಿನ ಮೇಲಿನ ಗುಡ್ಡದಲ್ಲಿರುವ ಒಂದು ಕಾಫಿ ಎಸ್ಟೇಟಿನ ರೈಟರ್. ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನೆಂದು ನಂಬಿ ನಮ್ಮ ಮಾವನವರು ನನಗೆ ಹೆಣ್ಣು ಕೊಟ್ಟರು. ನಾನು ಬರೆಯುವುದು ಬರೀ ಹಾಜರಿ ಎಂದು ಅವರಿಗೆ ತಿಳಿಯುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ಚೆಕ್‌ರೋಲ್ ಎಂಬ ಉದ್ದನೆಯ ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರಿದೆ. ಏಳು ಜನ ಲಕ್ಷ್ಮಿಯರು, ಐದು ಜನ ಮಂಜರು ಇರುವಲ್ಲಿ ಹೆಸರು ಕೂಗಿದರೆ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಅರ್ಧ ಮನೆಗಳು ಒಟ್ಟಿಗೆ ಓಗೊಡುತ್ತವೆ. ಹಾಗಾಗಿ ಬೆಳಿಗ್ಗೆ ಸ್ಟೋರಿನ ಮುಂದೆ ನಿಂತು ನಾನು ನಂಬರು ಕೂಗುವುದು, ಅವರು ‘ಇದೀನಿ’ ಎನ್ನುವುದು. ಸಂಜೆ ಯಾರಾದರೂ ಹಣ್ಣಿನ ಜೊತೆ ಹಸಿರು ಕಾಯಿ ಕೊಯ್ದು ತಂದಿದ್ದರೆ ಎಲ್ಲರೆದುರು ಅವರ ನಂಬರನ್ನು ಇನ್ನೊಮ್ಮೆ ಕೂಗುತ್ತೇನೆ. ಬೆಳಗಿನ ಕೂಗು ಹಾಜರಿ, ಸಂಜೆಯ ಕೂಗು ಮಾನಹರಣ. ನಂಬರು ಚಿಕ್ಕದಾದಷ್ಟೂ ಮನುಷ್ಯರು ದೊಡ್ಡವರು, ಏಕೆಂದರೆ ಮೊದಲು ಕೆಲಸಕ್ಕೆ ಸೇರಿದವರಿಗೆ ಮೊದಲಿನ ನಂಬರು. ಒಂದು, ಎರಡು, ಮೂರು ಆಗಲೇ ದೇವರ ಪಾದ ಸೇರಿದ್ದರಿಂದ ನಾಲ್ಕನೇ ನಂಬರಿನ ದ್ಯಾವಮ್ಮನೇ ನಮ್ಮ ಎಸ್ಟೇಟಿನ ಹಿರಿತಲೆ. ಸಂಜೆಯ ಕೂಗಿನಲ್ಲಿ ಅವಳ ನಂಬರು ಒಮ್ಮೆಯೂ ಬಂದದ್ದಿಲ್ಲ.

ಇಂಥ ಕಡೆ ಬ್ಯಾಸ್ಕೆಟ್‌ಬಾಲ್ ಹೇಗೆ ಬಂತು ಎಂದು ನೀವು ಕೇಳಬಹುದು. ತೊಂಬತ್ತರ ದಶಕದ ಮಾತು. ನಮ್ಮ ಧಣಿಗಳು ಕಾಲೇಜಿನಲ್ಲಿ ಆ ಆಟ ಆಡಿದವರು. ಕೆಲಸಕ್ಕೆ ಸೇರುವ ದಿನ ಅವರು ನನ್ನ ಉದ್ದ ನೋಡಿ, ನೀನೂ ಆಡಿದ್ದೀಯೇನೋ ಎಂದು ಕೇಳಿದರು. ನಾನು ಹೌದು ಎಂದುಬಿಟ್ಟೆ. ಪೂರ್ತಿ ಸುಳ್ಳೇನಲ್ಲ. ಹಾಸನದಲ್ಲಿ ಓದುವಾಗ ಹದಿನೈದನೇ ನಂಬರಿನ ಜರ್ಸಿ ಹಾಕಿಕೊಂಡು ಎರಡು ವರ್ಷ ಬೆಂಚಿನ ಮೇಲೆ ಕೂತಿದ್ದೆ, ಎಲ್ಲರ ವಾಚುಗಳು ನನ್ನ ಕೈಯಲ್ಲೇ ಇರುತ್ತಿದ್ದವು. ಆ ಒಂದು ‘ಹೌದು’ ನನ್ನನ್ನು ಎಸ್ಟೇಟ್ ತಂಡದ ಕ್ಯಾಪ್ಟನ್ ಮಾಡಿತು. ಕಾಫಿ ಒಣಗಿಸುವ ಸಿಮೆಂಟಿನ ಕಣವೇ ನಮ್ಮ ಮೈದಾನ. ಮಳೆ ನೀರು ಹರಿದುಹೋಗಲೆಂದು ಅದನ್ನು ಒಂದು ಕಡೆಗೆ ಇಳಿಜಾರಾಗಿ ಕಟ್ಟಿದ್ದಾರೆ, ಚೆಂಡು ಎಲ್ಲಿ ಬಿಟ್ಟರೂ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಡೆಗೇ ಓಡುತ್ತಿತ್ತು. ರಿಂಗು ಡೀಸೆಲ್ ಡ್ರಮ್ಮಿನ ಬಾಯಿಯನ್ನು ಕತ್ತರಿಸಿ ಮಾಡಿದ್ದು. ಅಳತೆಗಿಂತ ಗೇಣು ಅಗಲ ಜಾಸ್ತಿ. ಆ ಕಣದಲ್ಲಿ ನಮ್ಮಷ್ಟು ಗುರಿಕಾರರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಯಸಳೂರಿನ ಯುವಕರ ಸಂಘದವರು ಎಸ್ಟೇಟುಗಳ ನಡುವೆ ಪಂದ್ಯ ಇಟ್ಟಾಗ ಧಣಿಗಳು ಇಟ್ಟಿಗೆ ಬಣ್ಣದ ಎಂಟು ಜರ್ಸಿ ಹೊಲಿಸಿಕೊಟ್ಟರು. ತೋಳಿಲ್ಲದ ಜರ್ಸಿ ಹಾಕಿದರೆ ಈ ಚಳಿಗೆ ಎದೆ ಕಟ್ಟಿಕೊಳ್ಳುತ್ತದೆ ಎಂದು ದಪ್ಪ ಬಟ್ಟೆಯಲ್ಲಿ ತುಂಬುತೋಳಿನದು. ನಂಬರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾಫಿ ಮೂಟೆಗಳ ಮೇಲೆ ಗುರುತು ಹಾಕುವ ತಗಡಿನ ಅಚ್ಚುಗಳು ಸ್ಟೋರಿನಲ್ಲಿ ಇದ್ದವು, ಕಪ್ಪು ಬಣ್ಣವೂ ಇತ್ತು. ಯಾರಿಗೆ ಯಾವ ನಂಬರು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಹುಟ್ಟಲೇ ಇಲ್ಲ. ಮಂಜನ ಚೆಕ್‌ರೋಲ್ ನಂಬರು ನಲವತ್ತಮೂರು, ಅವನ ಎದೆಗೂ ಬೆನ್ನಿಗೂ ನಲವತ್ತಮೂರು. ತಿಮ್ಮೇಶನದು ನೂರಾ ಎಂಟು, ಅವನಿಗೆ ನೂರಾ ಎಂಟು. ಹೀಗೆ ಏಳೂ ಜನಕ್ಕೆ ಒತ್ತಿ, ನಂಬರಿಲ್ಲದ ನನ್ನದನ್ನು ಖಾಲಿ ಬಿಟ್ಟು, ಹಾಜರಿ ಸರಿಯಾಯಿತು ಎಂದು ಸಮಾಧಾನಪಟ್ಟೆ.

ಪಂದ್ಯಕ್ಕೆ ವಾರವಿರುವಾಗ ರೆಫ್ರಿ ನಮ್ಮನ್ನು ನೋಡಲು ಬಂದರು. ಅವರು ಆಲೂರು ಕಡೆಯ ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಸಾಲಾಗಿ ನಿಂತ ಬೆನ್ನುಗಳನ್ನು ನೋಡಿ, ಇದೇನ್ರೀ ಬಸ್ಸಿನ ನಂಬರು ಬರೆಸಿದ್ದೀರಿ ಎಂದರು. ಆಮೇಲೆ ಕಣದ ಕಟ್ಟೆಯ ಮೇಲೆ ಕೂತು, ಕಾಫಿ ಕುಡಿಯುತ್ತಾ, ಬ್ಯಾಸ್ಕೆಟ್‌ಬಾಲ್ ನಂಬರಿನ ಚರಿತ್ರೆಯನ್ನು ನನಗೆ ಬೋಧಿಸಿದರು. ಈ ಆಟದಲ್ಲಿ ತಪ್ಪು ಮಾಡಿದವನ ನಂಬರನ್ನು ರೆಫ್ರಿ ದೂರದ ಮೇಜಿನಲ್ಲಿ ಲೆಕ್ಕ ಬರೆಯುವವರಿಗೆ ಬೆರಳಲ್ಲಿ ತೋರಿಸಬೇಕು. ಒಂದು, ಎರಡು, ಮೂರು ಬೆರಳುಗಳಿಗೆ ಪಾಯಿಂಟು, ಫ್ರೀ ಥ್ರೋ ಅಂತ ಬೇರೆ ಕೆಲಸಗಳಿವೆ. ಹಾಗಾಗಿ ಆಟಗಾರರ ನಂಬರು ನಾಲ್ಕರಿಂದ ಶುರು. ಹತ್ತಕ್ಕೆ ಎರಡೂ ಕೈ. ಹನ್ನೊಂದರಿಂದ ಹದಿನೈದಕ್ಕೆ ಒಂದು ಮುಷ್ಟಿ, ಇನ್ನೊಂದು ಕೈಯ ಬೆರಳು. ಅಲ್ಲಿಗೆ ಕೈ ಮುಗಿಯಿತು, ನಂಬರೂ ಮುಗಿಯಿತು. ನೂರಾ ಎಂಟನ್ನು ತೋರಿಸಬೇಕಾದರೆ ನಾನು ನಿಮ್ಮ ಲೈನಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಎತ್ತಿಸಬೇಕಾಗುತ್ತದೆ ಎಂದರು. ಕ್ಯಾಪ್ಟನ್‌ಗೆ ನಾಲ್ಕನೇ ನಂಬರು ಕೊಡುವುದು ವಾಡಿಕೆ ಎಂಬುದನ್ನೂ ಹೇಳಿದರು. ಅಮೆರಿಕಾದ ಕಾಲೇಜುಗಳಲ್ಲಿ ಐದಕ್ಕಿಂತ ದೊಡ್ಡ ಅಂಕಿಯನ್ನೇ ಬಳಸುವುದಿಲ್ಲವಂತೆ, ಒಂದು ಕೈಗೆ ಐದೇ ಬೆರಳು ಎಂಬ ಕಾರಣಕ್ಕೆ. ಒಂದು ದೇಶದ ಹುಡುಗರ ಬೆನ್ನಿನ ಮೇಲಿನ ಬರಹವೆಲ್ಲ ಮನುಷ್ಯನ ಬೆರಳಿನ ಲೆಕ್ಕದಲ್ಲಿದೆ ಎಂದು ತಿಳಿದು ನನಗೆ ರೋಮಾಂಚನವಾಯಿತು.

ಹಳೆಯ ಅಂಕಿಗಳ ಮೇಲೆ ಮೈದಾಹಿಟ್ಟಿನ ಚೀಲದ ಬಿಳಿ ತೇಪೆ ಹೊಲಿಸಿ, ನಾಲ್ಕರಿಂದ ಹನ್ನೊಂದರವರೆಗೆ ಹೊಸದಾಗಿ ಅಚ್ಚೊತ್ತಿದೆ. ಸಂಜೆ ಹುಡುಗರಿಗೆ ಹಂಚಿದರೆ ಒಬ್ಬನೂ ಹಾಕಿಕೊಳ್ಳಲಿಲ್ಲ. ಯಾಕ್ರೋ ಎಂದರೆ ಎಲ್ಲರೂ ಮಂಜನ ಮುಖ ನೋಡಿದರು. ಮಂಜ ಕೈಯಲ್ಲಿದ್ದ ಒಂಬತ್ತನೇ ನಂಬರನ್ನು ಬಿಸಿ ಪಾತ್ರೆಯಂತೆ ಕಟ್ಟೆಯ ಮೇಲಿಟ್ಟು ಹೇಳಿದ:

“ಒಂಬತ್ತು ನಮ್ಮತ್ತೆದು ಕಣ್ ಸಾ. ಅತ್ತೆ ನಂಬರ್‌ನ ಎದೆ ಮ್ಯಾಲೆ ಹಾಕ್ಕಂಡು ಚಡ್ಡೀಲಿ ಹೆಂಗ್ ಓಡ್ಲಿ?”

ನನಗೆ ಆಗ ಹೊಳೆಯಿತು. ನಾಲ್ಕರಿಂದ ಹನ್ನೊಂದು ಎಂದರೆ ನಮ್ಮ ಚೆಕ್‌ರೋಲಿನ ಎಂಟು ಜನ ಹಿರಿಯ ಹೆಂಗಸರು. ಇಪ್ಪತ್ತೈದು ಮೂವತ್ತು ವರ್ಷ ಆ ನಂಬರಿಗೆ ‘ಇದೀನಿ’ ಎಂದವರು. ಅವರನ್ನು ಕೇಳದೆ ಅವರ ನಂಬರನ್ನು ಗಂಡುಹುಡುಗರ ಮೈಗೆ ಹಾಕುವುದು ಅವರ ಸೀರೆಯನ್ನೇ ಹಾಕಿದಷ್ಟು ಅಧ್ವಾನದ ಕೆಲಸ. ಅಂತೂ ನಾನು ಎಲೆ ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಲೈನಿಗೆ ಹೋಗಿ, ಎಂಟೂ ಮನೆಯ ಬಾಗಿಲಲ್ಲಿ ನಿಂತು, ಒಂದು ದಿನದ ಮಟ್ಟಿಗೆ ನಂಬರು ಕಡ ಕೊಡಿ ಎಂದು ಕೇಳಿದೆ. ಒಂಬತ್ತನೆಯವಳು, ಅಳಿಯನಿಗೆ ಬೇಡ, ಬೇರೆ ಯಾರಿಗಾದರೂ ಕೊಡಿ ಎಂದಳು. ಹನ್ನೊಂದನೆಯವಳು ತನ್ನ ನಂಬರು ಹಾಕಿದವನು ನೆಲಕ್ಕೆ ಬೀಳಬಾರದು ಎಂದಳು. ಕೊನೆಗೆ ದ್ಯಾವಮ್ಮನ ಮನೆ. ಕ್ಯಾಪ್ಟನ್ ನಾನಾದ್ದರಿಂದ ಅವಳ ನಂಬರು ನನಗೆ. ರೈಟರ್‌ಗೆ ಚೆಕ್‌ರೋಲಿನಲ್ಲಿ ನಂಬರಿಲ್ಲ ಎಂಬುದು ಅವಳಿಗೂ ಗೊತ್ತು. ಅವಳು ಎಲೆಗೆ ಸುಣ್ಣ ಸವರುತ್ತಾ, “ಮೂವತ್ತು ವರ್ಸ ಆತು ರೈಟ್ರೇ, ನನ್ ನಂಬರ್ ಮ್ಯಾಲೆ ಒಂದು ಮಾತು ಬಂದಿಲ್ಲ. ಹಂಗೇ ವಾಪಸ್ ಕೊಡ್ಬೇಕು” ಎಂದಳು. ಅದಕ್ಕೇನಂತೆ ಎಂದು ನಗುತ್ತಾ ಬಂದೆ.

ಪಂದ್ಯದ ದಿನ ಲೈನಿನ ಹೆಂಗಸರೆಲ್ಲ ತಮ್ಮ ತಮ್ಮ ನಂಬರು ಆಡುವುದನ್ನು ನೋಡಲು ಜೀಪು ಹತ್ತಿ ಯಸಳೂರಿಗೆ ಬಂದರು. ಅಲ್ಲಿಯ ಮೈದಾನ ಸಮತಟ್ಟಾಗಿತ್ತು. ಇಳಿಜಾರಿಗೆ ಒಗ್ಗಿದ ನಮ್ಮ ಕಾಲು, ಡ್ರಮ್ಮಿನ ಬಾಯಿಗೆ ಒಗ್ಗಿದ ನಮ್ಮ ಕೈ ಎರಡೂ ಕೆಟ್ಟವು. ಚೆಂಡು ಪಲ್ಪರ್ ಮನೆಯ ಕಡೆ ಬರುತ್ತದೆಂದು ನಮ್ಮವರು ಕಾದು ನಿಂತರೆ ಅದು ನಿಂತಲ್ಲೇ ನಿಂತಿತ್ತು. ನಾನು ಗಾಬರಿಯಲ್ಲಿ ಸಿಕ್ಕಿದವರ ತೋಳು ಹಿಡಿದೆ. ಸೀಟಿ ಕೇಳಿತು. ಡ್ರಿಲ್ ಮೇಷ್ಟ್ರು ಮೇಜಿನ ಕಡೆ ತಿರುಗಿ ನಾಲ್ಕು ಬೆರಳೆತ್ತಿ, ಪಾಪ, ಮೇಜಿನವರಿಗೆ ಕಿವಿ ಮಂದವೆಂದು, “ನಂಬರ್ ನಾಲ್ಕು” ಎಂದು ಕೂಗಿಯೂ ಹೇಳಿದರು. ಹೆಂಗಸರ ಸಾಲೆಲ್ಲ ದ್ಯಾವಮ್ಮನ ಕಡೆ ತಿರುಗಿತು. ಸಂಜೆಯ ಹೊತ್ತು, ಎಲ್ಲರೆದುರು, ಅವಳ ನಂಬರು ಮೂವತ್ತು ವರ್ಷದಲ್ಲಿ ಮೊದಲ ಸಲ ಕೂಗಿಸಿಕೊಂಡಿತ್ತು. ಅಲ್ಲಿಗಾದರೂ ನಾನು ಹುಷಾರಾಗಬೇಕಿತ್ತು. ನನ್ನ ಕೈ ಕೇಳಲಿಲ್ಲ. ಇನ್ನೂ ಮೂರು ಸಲ ನಾಲ್ಕು ಬೆರಳು ಎದ್ದವು. ಐದನೇ ಫೌಲಿಗೆ ಆಟಗಾರ ಹೊರಗೆ ಹೋಗಬೇಕೆಂಬುದು ನಿಯಮ. ಮೇಷ್ಟ್ರು ಮತ್ತೆ ನಂಬರು ಕೂಗಿ, ಹೊರಗೆ ಎಂದು ಕೈ ತೋರಿಸಿದರು. ನಾನು ಹೊರಡುವ ಮೊದಲೇ ದ್ಯಾವಮ್ಮ ಎದ್ದಳು. ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಯಾರನ್ನೂ ನೋಡದೆ ಮೈದಾನದಿಂದ ಹೊರಗೆ ನಡೆದುಬಿಟ್ಟಳು.

ಮರುದಿನ ಬೆಳಿಗ್ಗೆ ‘ನಾಲ್ಕು’ ಎಂದು ಕೂಗಿದರೆ ಎದುರಿಗೇ ನಿಂತ ದ್ಯಾವಮ್ಮ ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದ, ಆಳುಗಳ ಉಸ್ತುವಾರಿಯ ಮೇಸ್ತ್ರಿಗೆ, ರೈಟ್ರಿಗೆ ಹೇಳು ನಾನು ಬಂದೀನಿ ಅಂತ, ಎಂದಳು. ಒಗೆದು ಹಗ್ಗಕ್ಕೆ ಹಾಕಿದ್ದ ನಾಲ್ಕನೇ ನಂಬರಿನ ಜರ್ಸಿಯನ್ನು ಮಧ್ಯಾಹ್ನ ಅವಳೇ ಎಳೆದುಕೊಂಡು ಹೋದಳು. ನಂಬರು ತನ್ನದಾದ ಮೇಲೆ ಬಟ್ಟೆಯೂ ತನ್ನದೇ ಎಂಬುದು ಅವಳ ನ್ಯಾಯ. ಅದನ್ನು ನೋಡಿ ಉಳಿದ ಏಳೂ ಹೆಂಗಸರು ಬಂದು ತಮ್ಮ ತಮ್ಮದನ್ನು ಒಯ್ದರು. ಕಾಫಿ ಕೊಯ್ಯುವವರು ಸೀರೆಯ ಮೇಲೆ ಗಂಡಸರ ಹಳೇ ಅಂಗಿ ಹಾಕಿಕೊಳ್ಳುವುದನ್ನು ನೀವು ನೋಡಿರಬಹುದು. ಗಿಡದ ಚಿಗಳಿ ಇರುವೆ ತೋಳಿಗೆ ಕಚ್ಚುತ್ತದೆ. ನಮ್ಮ ತುಂಬುತೋಳಿನ ದಪ್ಪ ಜರ್ಸಿ ಚಿಗಳಿಗೂ ಚಳಿಗೂ ಹೇಳಿ ಹೊಲಿಸಿದಂತಿತ್ತು. ಧಣಿಗಳು ನಕ್ಕು ಸುಮ್ಮನಾದರು. ನಾನು ನಗಲಿಲ್ಲ. ದ್ಯಾವಮ್ಮ ಆಮೇಲೆ ಹತ್ತು ವರ್ಷ ನನ್ನ ಜೊತೆ ಮಾತಾಡಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದರೂ, ಮೇಸ್ತ್ರಿ, ರೈಟ್ರ ಅಂಗಿ ಮ್ಯಾಲೆ ಜಿಗಣೆ ಐತೆ ಅಂತ ಹೇಳು, ಎನ್ನುವಳು. ಮೇಸ್ತ್ರಿ ರಜೆ ಹಾಕಿದ ದಿನ ಜಿಗಣೆ ಕಚ್ಚಿಸಿಕೊಂಡೇ ಮನೆಗೆ ಹೋಗಿದ್ದೇನೆ. ನಗಬೇಡಿ, ದಿನ ಬೆಳಗಾದರೆ ಅಷ್ಟು ಜನರ ಎದುರು ಒಬ್ಬ ಹಿರಿಯ ಹೆಂಗಸು ನನ್ನನ್ನು ಗೋಡೆಯಂತೆ ನೋಡುತ್ತಿದ್ದಳು.

ಹತ್ತು ವರ್ಷದ ಮೇಲೆ ಯಸಳೂರಿನ ಆ ಸಂಘದ ಕಾರ್ಯದರ್ಶಿಗೆ ಒಂದು ಹುಚ್ಚು ಹಿಡಿಯಿತು. ಹೊರದೇಶದಲ್ಲಿ ದೊಡ್ಡ ದೊಡ್ಡ ತಂಡಗಳು ವರ್ಷಕ್ಕೊಮ್ಮೆ ತಮ್ಮ ಅಜ್ಜಂದಿರ ಕಾಲದ ಜರ್ಸಿ ಹಾಕಿ ಆಡುತ್ತವೆ, ಅದಕ್ಕೆ ಥ್ರೋಬ್ಯಾಕ್ ಎನ್ನುತ್ತಾರೆ, ಹಳೇದಾದಷ್ಟೂ ಅದಕ್ಕೆ ಮರ್ಯಾದೆ ಎಂದು ಅವನು ಟಿ.ವಿ.ಯಲ್ಲಿ ನೋಡಿದ್ದನಂತೆ. ನನ್ನ ಹೆಂಡತಿಗೆ ಇದನ್ನು ವಿವರಿಸಿದರೆ, ಹಾಗಾದರೆ ನಿಮ್ಮ ಬೀರು ತುಂಬ ಅದೇ ಇದೆಯಲ್ಲ ಎಂದಳು. ಅವನು ಇಟ್ಟ ಪಂದ್ಯಕ್ಕೂ ಹಳೆಯ ತಂಡಗಳು, ಹಳೆಯ ಜರ್ಸಿ, ಅವೇ ನಂಬರು. ಹೊಸದಾಗಿ ಹೊಲಿಸಿಕೊಂಡು ಬಂದವರಿಗೆ ಪ್ರವೇಶವಿಲ್ಲ. ಸಾಧ್ಯವಾದರೆ ಹಳೆಯ ಸಲಕರಣೆಯನ್ನೂ ತನ್ನಿ ಎಂದಿದ್ದರು. ಬೇರೆಯವರು ಅಟ್ಟ ಹುಡುಕಿದರು. ನಮಗೆ ಆ ಕಷ್ಟವಿರಲಿಲ್ಲ, ಡ್ರಮ್ಮಿನ ರಿಂಗಿಗೆ ಇನ್ನೂ ಹೊಸ ಬೋಲ್ಟು ಕೂಡ ಹಾಕಿರಲಿಲ್ಲ. ಧಣಿಗಳು ನನ್ನನ್ನು ಕರೆದು, ಹೋದ ಸಲ ಸೋತು ಕಳೆದ ಮಾನ ಈ ಸಲ ವಾಪಸ್ ತರಬೇಕು, ಗೆದ್ದು ಬಾ ಎಂದರು. ನನ್ನ ಎದೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ನಾಲ್ಕನೇ ನಂಬರು.

ಡಿಸೆಂಬರ್ ತಿಂಗಳು, ಕೊಯ್ಲು ಜೋರಾಗಿತ್ತು. ಬೆಳಗಿನ ಮಂಜಿನಲ್ಲಿ ತೋಟದ ಮೇಲಿನ ತಾಕಿಗೆ ಹತ್ತಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಗಿಡಗಳ ನಡುವೆ ಇಟ್ಟಿಗೆ ಬಣ್ಣದ ಏಳನೇ ನಂಬರು ಕಂಡಿತು, ಅದರಾಚೆ ಹತ್ತು, ಬುಟ್ಟಿ ಬದಲಿಸಲು ಬಗ್ಗಿದ ಆರು. ನನ್ನ ತಂಡ ಪೂರ್ತಿ ಗುಡ್ಡದ ಮೇಲೆ ಹಣ್ಣು ಕೊಯ್ಯುತ್ತಿತ್ತು. ಏಳೂ ಜನ ಎರಡು ಮಾತಿಲ್ಲದೆ ಒಪ್ಪಿದರು, ಮಂಜನ ಅತ್ತೆಯೂ ಕೂಡ. ದ್ಯಾವಮ್ಮ ಸಾಲಿನ ಕೊನೆಯಲ್ಲಿದ್ದಳು. ಜರ್ಸಿಯ ಬಣ್ಣ ತೊಳೆದೂ ತೊಳೆದೂ ಬಿಳಚಿತ್ತು, ಮೂಟೆಯ ಬಣ್ಣದಲ್ಲಿ ಒತ್ತಿದ ನಾಲ್ಕು ಮಾತ್ರ ಅಲ್ಲಾಡಿರಲಿಲ್ಲ. ನಾನು ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಆದರೆ ಅಲ್ಲಿ ನಿಂತ ಮೇಲೆ ನನಗೇ ನಾಚಿಕೆಯಾಗಿ, ಅವನನ್ನು ಕೆಳಗೆ ಕಳಿಸಿದೆ. ದ್ಯಾವಮ್ಮ, ಅವತ್ತು ತಪ್ಪು ಮಾಡಿದವನು ನಾನು, ಕೂಗಿಸಿಕೊಂಡದ್ದು ನಿನ್ನ ನಂಬರು, ಹತ್ತು ವರ್ಷದಿಂದ ನನಗೆ ಸರಿಯಾಗಿ ಊಟ ಸೇರಿಲ್ಲ ಎಂದೆ. ಕೊನೆಯದು ಸ್ವಲ್ಪ ಜಾಸ್ತಿಯಾಯಿತು, ಅವಳು ನನ್ನ ಹೊಟ್ಟೆಯ ಕಡೆ ನೋಡಿದಳು. ಒಂದು ಕೊಂಬೆಯ ಹಣ್ಣು ಪೂರ್ತಿ ಬಿಡಿಸಿದ ಮೇಲೆ, ಹತ್ತು ವರ್ಷದಲ್ಲಿ ಮೊದಲ ಸಲ ನೇರವಾಗಿ ನನಗೇ ಹೇಳಿದಳು:

“ಕೊಡ್ತೀನಿ. ಆ ಮೇಷ್ಟ್ರು ಒಂದ್ಸಲ ಬೆರಳೆತ್ತಿದ್ರೂ ನಾನು ಎದ್ದೋಯ್ತೀನಿ, ಆಮ್ಯಾಕೆ ಮೇಸ್ತ್ರಿ ಕೈಲೂ ಹೇಳ್ಸಲ್ಲ.”

ಹೀಗೆ ಧಣಿಗಳು ಗೆಲ್ಲು ಎಂದರು, ದ್ಯಾವಮ್ಮ ತಪ್ಪು ಮಾಡಬೇಡ ಎಂದಳು. ಯಾರ ಮಾತು ಕೇಳಿದೆ ಎಂಬುದಕ್ಕೆ ಆ ದಿನದ ಆಟ ನೋಡಿದವರೆಲ್ಲ ಸಾಕ್ಷಿ. ಎದುರಿನವರು ಬಿಸಿಲೆ ಕಡೆಯ ತಂಡ. ಮುದುಕರಾಗಿದ್ದ ಅದೇ ಡ್ರಿಲ್ ಮೇಷ್ಟ್ರು ಸೀಟಿಯನ್ನು ತುಟಿಯಲ್ಲೇ ಇಟ್ಟುಕೊಂಡು ನನ್ನನ್ನು ಗುರುತಿಸಿ ನಕ್ಕರು. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಡಿದೆ. ಚೆಂಡು ಹಿಡಿದು ಯಾರಾದರೂ ನುಗ್ಗಿ ಬಂದರೆ ಮದುವೆ ಮನೆಯಲ್ಲಿ ಬೀಗರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದೆ. ಒಬ್ಬ ತಾನಾಗಿ ಎಡವಿ ಬಿದ್ದಾಗ, ನಾನು ಮುಟ್ಟಿಲ್ಲ ಎಂದು ಇಡೀ ಮೈದಾನಕ್ಕೆ ಕೈ ಎತ್ತಿ ತೋರಿಸಿದೆ. ಬಿಸಿಲೆಯವರಿಗೆ ನನ್ನ ಕಡೆಯ ದಾರಿ ಎಷ್ಟು ಇಷ್ಟವಾಯಿತೆಂದರೆ ಬೇರೆ ದಾರಿಯಲ್ಲಿ ಬರುವುದನ್ನೇ ಬಿಟ್ಟರು. ಮಂಜ ಓಡುತ್ತಲೇ ನನ್ನನ್ನು ಬೈಯುತ್ತಿದ್ದ, ಧಣಿಗಳು ಕುರ್ಚಿಯಲ್ಲಿ ಕರವಸ್ತ್ರ ಹಿಂಡುತ್ತಿದ್ದರು.

ನಡುವೆ ಒಮ್ಮೆ ಮಾತ್ರ ಜೀವ ಹೋಗಿ ಬಂತು. ಸೀಟಿ ಕೇಳಿತು, ಮೇಷ್ಟ್ರು ಮೇಜಿನ ಕಡೆ ತಿರುಗಿ ನಾಲ್ಕು ಬೆರಳೆತ್ತಿದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ದ್ಯಾವಮ್ಮ ಚೀಲಕ್ಕೆ ಕೈ ಹಾಕಿ ಎದ್ದೇಬಿಟ್ಟಳು. ನಾನು ಆಟ ಬಿಟ್ಟು ಅವಳ ಬಳಿ ಓಡಿದೆ. ನನ್ನನ್ನು ತಳ್ಳಿದವನು ಬಿಸಿಲೆ ತಂಡದ ಕ್ಯಾಪ್ಟನ್, ಅವನದೂ ನಾಲ್ಕನೇ ನಂಬರೇ, ಬೆರಳು ಎದ್ದದ್ದು ಅವನ ಮೇಲೆ ಎಂದು ಬಡಕೊಂಡೆ. ನಾಕನೇ ನಂಬರ್ ಎರಡಿರಾಕೆ ಹೆಂಗಾಯ್ತದೆ ಎಂದು ಅವಳು ಒಪ್ಪಲಿಲ್ಲ. ಕಡೆಗೆ ಮೇಷ್ಟ್ರೇ ಆಟ ನಿಲ್ಲಿಸಿ ಬಂದು, ಅದು ಬಿಸಿಲೆಯ ಚೆಕ್‌ರೋಲು ತಾಯಿ, ನಿಮ್ಮದಲ್ಲ ಎಂದರು. ಅದು ಅವಳಿಗೆ ಒಪ್ಪಿಗೆಯಾಗಿ ಕೂತಳು. ಅಲ್ಲಿಂದಾಚೆ ನಾನು ಚೆಂಡಿನ ಹತ್ತಿರವೇ ಹೋಗಲಿಲ್ಲ.

ನಾವು ಎಷ್ಟರಲ್ಲಿ ಸೋತೆವು ಎಂದು ಹೇಳಲಾರೆ. ಹೋದ ಸಲದ್ದು ಇದರ ಮುಂದೆ ಗೆಲುವಿನಂತಿತ್ತು. ಮುಗಿದ ಕೂಡಲೇ ಧಣಿಗಳು ಎದ್ದು ಕಾರಿನ ಹತ್ತಿರ ಹೋಗಿ ನಿಂತರು. ದ್ಯಾವಮ್ಮ ಮಾತ್ರ ಮೈದಾನದ ಅಂಚಿಗೆ ಬಂದು, “ಒಂದ್ ಮಾತೂ ಬರ್ಲಿಲ್ಲ ಕಣ್ರೀ ರೈಟ್ರೇ” ಎಂದು ಬಾಯಿ ತುಂಬ ನಕ್ಕಳು. ಆಮೇಲೆ ಅವಳು ಕೈ ಚಾಚಿ, ಬಿಚ್ಚಿ ಕೊಡಿ, ಸಂಜೆ ಚಳಿ ಬಿದ್ದೈತೆ ಎಂದಳು. ಅವಳದ್ದು ಅವಳಿಗೆ ಎಂದು ಅಲ್ಲೇ ಬಿಚ್ಚಿ ಕೊಟ್ಟೆ. ಹೊಟ್ಟೆಯ ಹತ್ತಿರ ಹಿಗ್ಗಿಸಿಬಿಟ್ಟಿದ್ದೀರಿ ಎಂದು ಗೊಣಗುತ್ತಾ ಸೀರೆಯ ಮೇಲೆ ಹಾಕಿಕೊಂಡು ಹೋಗಿ ಕೂತಳು. ನಾನು ಬನಿಯನ್ನಿನಲ್ಲಿ ಹಿಂದಿನ ಸಾಲಿನ ಕುರ್ಚಿ ಹಿಡಿದೆ.

ಬಹುಮಾನದ ಹೊತ್ತು. ಗೆದ್ದವರ ಕಪ್ ಬಿಸಿಲೆಯವರಿಗೆ ಹೋಯಿತು. ಕೊನೆಯಲ್ಲಿ ಕಾರ್ಯದರ್ಶಿ ಮೈಕಿನಲ್ಲಿ, ಇಡೀ ಪಂದ್ಯದಲ್ಲಿ ಒಂದೇ ಒಂದು ಫೌಲ್ ಮಾಡದ, ಎದುರಾಳಿಗಳನ್ನು ಇಷ್ಟು ಗೌರವದಿಂದ ಕಂಡ ಆಟಗಾರನಿಗೆ ವಿಶೇಷ ಬಹುಮಾನ, ವನಗೂರು ತಂಡದ ನಂಬರ್ ನಾಲ್ಕು ವೇದಿಕೆಗೆ ಬರಬೇಕು ಎಂದ. ನನಗೆ ಜನ್ಮದಲ್ಲಿ ಬಂದ ಮೊದಲ ಬಹುಮಾನ. ಆಟ ನೋಡಲು ಬಂದಿದ್ದ ಹೆಂಡತಿ ನನ್ನ ಬೆನ್ನು ತಟ್ಟಿದಳು, ಕಾರಿನ ಬಳಿ ಧಣಿಗಳು ಕೂಡ ತಿರುಗಿ ನೋಡಿದರು. ನಾನು ಬನಿಯನ್ನು ಎಳೆದು ಸರಿಮಾಡಿಕೊಂಡು ಎದ್ದೆ. ಅರ್ಧ ಎದ್ದಿದ್ದೆನಷ್ಟೆ, ಮುಂದಿನ ಸಾಲಿನಿಂದ “ಇದೀನಿ” ಎಂಬ ದನಿ ಕೇಳಿತು. ದ್ಯಾವಮ್ಮ ಎದೆಯ ಮೇಲಿನ ನಾಲ್ಕನ್ನು ಕೈಯಲ್ಲಿ ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು, ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು. ಕಾರ್ಯದರ್ಶಿ ಒಂದು ಗಳಿಗೆ ಜರ್ಸಿ ನೋಡಿದ, ಒಂದು ಗಳಿಗೆ ಮುಖ ನೋಡಿದ, ಬಣ್ಣದ ಕಾಗದ ಸುತ್ತಿದ ಸ್ಟೀಲ್ ಫ್ಲಾಸ್ಕನ್ನು ಅವಳ ಕೈಗೆ ಕೊಟ್ಟು ನಮಸ್ಕಾರ ಮಾಡಿದ. ಇಷ್ಟು ಜನರ ನಡುವೆ ಬನಿಯನ್ನಿನಲ್ಲಿ ಅರ್ಧ ಎದ್ದ ಮನುಷ್ಯ ಮತ್ತೆ ಕೂರುವಂತಿಲ್ಲ, ಮುಂದೆ ಹೋಗುವಂತೆಯೂ ಇಲ್ಲ. ಚಪ್ಪಾಳೆ ತಟ್ಟಲೆಂದೇ ಎದ್ದವನಂತೆ ಪೂರ್ತಿ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತರು. ಆಳುಗಳ ಬಗ್ಗೆ ನಮ್ಮ ರೈಟರ್‌ಗೆ ಎಂಥ ದೊಡ್ಡ ಮನಸ್ಸು ಎಂದು ಧಣಿಗಳು ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾರೆ, ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.